ಸಣ್ಣ ಪಕ್ಷದ ನಾಯಕರನ್ನು ಅಳೆಯುವ ಕೊಳಗ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರವಾದಾಗಲೆಲ್ಲ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಸಣ್ಣ ಪಕ್ಷಗಳ ಬಗ್ಗೆ ಬರುವ ಸುದ್ದಿಯನ್ನು ನಾನು ಅನೇಕ ವರ್ಷಗಳಿಂದ ಗಮನವಿಟ್ಟು ಓದುತ್ತ ಬಂದಿದ್ದೇನೆ. ಆ ಪಕ್ಷದ ಅಭ್ಯರ್ಥಿ ಯಾರ ಮತಬುಟ್ಟಿಗೆ ಕೈ ಹಾಕುತ್ತಾರೆ, ಅದರಿಂದ ಯಾವ ದೊಡ್ಡ ಪಕ್ಷಕ್ಕೆ ಲಾಭ, ಯಾವುದಕ್ಕೆ ಪೆಟ್ಟು ಎಂಬಲ್ಲಿಗೆ ಬರಹ ಮುಗಿದುಹೋಗುತ್ತದೆ. ಫಲಿತಾಂಶದ ಮರುದಿನ ಠೇವಣಿ ಕಳೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಮತ್ತೊಮ್ಮೆ ಕಾಣಿಸುತ್ತದೆ, ಆಮೇಲೆ ಐದು ವರ್ಷ ಅವರ ಸುಳಿವೇ ಇರುವುದಿಲ್ಲ. ಆ ವ್ಯಕ್ತಿ ಎಂಥ ನಾಯಕ, ತಾನು ಮಾತನಾಡುವ ವಿಷಯವನ್ನು ಎಷ್ಟು ಅರಿತಿದ್ದಾರೆ, ಸೋತ ಮೇಲೆ ಏನು ಮಾಡಿದರು, ಗೆದ್ದಿದ್ದರೆ ಯಾರಿಗೆ ನಿಷ್ಠರಾಗಿ ಉಳಿದರು ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಈ ಪ್ರಶ್ನೆಗಳನ್ನು ಎತ್ತಬೇಕು, ಅದೂ ದೊಡ್ಡ ಪಕ್ಷದ ನಾಯಕರಿಗಿಂತ ಹೆಚ್ಚು ಬಿಗಿಯಾಗಿ ಎತ್ತಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಠೇವಣಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ವಿಧಾನಸಭೆಗೆ ಸ್ಪರ್ಧಿಸುವ ಸಾಮಾನ್ಯ ಅಭ್ಯರ್ಥಿ 10,000 ರೂಪಾಯಿ ಠೇವಣಿ ಇಡಬೇಕು, ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಅದು ಮುಟ್ಟುಗೋಲಾಗುತ್ತದೆ. ಒಂದು ಕ್ಷೇತ್ರದಲ್ಲಿ 1,80,000 ಮತಗಳು ಬಿದ್ದರೆ 30,000ದ ಗಡಿ ದಾಟಬೇಕು. ಹಣವಿಲ್ಲದೆ, ಜಾತಿಯ ಲೆಕ್ಕ ಹಾಕದೆ 25,000 ಮತದಾರರ ನಂಬಿಕೆ ಗಳಿಸಿದವರನ್ನೂ ನಾವು 'ಠೇವಣಿ ಕಳೆದುಕೊಂಡವರು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ನನ್ನ ಸೇವಾವಧಿಯಲ್ಲಿ ಹಲವು ಬಾರಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ದೊಡ್ಡ ಪಕ್ಷಗಳ ಏಜೆಂಟರು ಮಧ್ಯಾಹ್ನದ ಊಟಕ್ಕೆ ಸರದಿಯ ಮೇಲೆ ಹೋಗಿ ಬರುತ್ತಿದ್ದಾಗ, ಬದಲಿ ಇಲ್ಲದ ಕಾರಣ ಬೆಳಗಿನಿಂದ ಸಂಜೆಯವರೆಗೆ ಒಂದೇ ಬೆಂಚಿನ ಮೇಲೆ ಕುಳಿತಿದ್ದು, ನಮೂನೆಗೆ ಸಹಿ ಹಾಕಿ ಬಸ್ಸಿಗೆ ನಡೆದು ಹೋದ ಸಣ್ಣ ಪಕ್ಷದ ಏಜೆಂಟರನ್ನು ಕಂಡಿದ್ದೇನೆ. ಅಂಥವರ ಶ್ರಮಕ್ಕೆ ಯೋಗ್ಯರಾದ ನಾಯಕರು ಅವರಿಗೆ ಸಿಕ್ಕಿದ್ದಾರೆಯೇ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಆಗಿನಿಂದಲೇ.

ನಮ್ಮ ರಾಜ್ಯದ ಇತ್ತೀಚಿನ ದಾಖಲೆಯನ್ನು ನೋಡಿದರೆ ಆ ಪ್ರಶ್ನೆ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ. 2013ರ ಚುನಾವಣೆಯಲ್ಲಿ ಕರ್ನಾಟಕ ಜನತಾ ಪಕ್ಷದಿಂದ 6, ಬಿಎಸ್‌ಆರ್ ಕಾಂಗ್ರೆಸ್ಸಿನಿಂದ 4, ಕರ್ನಾಟಕ ಮಕ್ಕಳ ಪಕ್ಷ, ಸಮಾಜವಾದಿ ಪಕ್ಷ ಮತ್ತು ಸರ್ವೋದಯ ಕರ್ನಾಟಕ ಪಕ್ಷಗಳಿಂದ ತಲಾ ಒಬ್ಬರು, ಹೀಗೆ 13 ಶಾಸಕರು ಸಣ್ಣ ಪಕ್ಷಗಳ ಹೆಸರಿನಲ್ಲಿ ಗೆದ್ದು ಬಂದರು. ಮರುವರ್ಷ, 2014ರಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ ಮೊದಲ ಎರಡು ಪಕ್ಷಗಳನ್ನು ಕಟ್ಟಿದ ಯಡಿಯೂರಪ್ಪ ಮತ್ತು ಶ್ರೀರಾಮುಲು ತಾವು ಬಿಟ್ಟು ಬಂದಿದ್ದ ಬಿಜೆಪಿಗೇ ಮರಳಿದರು. ಅದಕ್ಕೂ ಹಿಂದೆ 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 10 ಸ್ಥಾನ ಗೆದ್ದಿತ್ತು, ಅದೂ ಉಳಿಯಲಿಲ್ಲ. 2022ರ ಕೊನೆಯಲ್ಲಿ ಹುಟ್ಟಿದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2023ರಲ್ಲಿ ಗಂಗಾವತಿಯಲ್ಲಿ ಗೆದ್ದು, 2024ರ ಮಾರ್ಚ್‌ನಲ್ಲಿ ಬಿಜೆಪಿಯಲ್ಲಿ ವಿಲೀನವಾಯಿತು. ಇವುಗಳನ್ನು ಸಣ್ಣ ಪಕ್ಷಗಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ದೊಡ್ಡ ಪಕ್ಷದೊಳಗಿನ ಜಗಳದಲ್ಲಿ ಮುನಿಸಿಕೊಂಡವರು ರಾಜಿಯಾಗುವವರೆಗೆ ಕಟ್ಟಿಕೊಂಡ ಬಿಡದಿಗಳು ಇವು. ಆದರೆ ಹಳ್ಳಿಯಲ್ಲಿ ಬಾವುಟ ಕಟ್ಟಿದ ಕಾರ್ಯಕರ್ತನಿಗೆ ಆ ವಿಷಯವನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಇನ್ನೂ ಹೆಚ್ಚು ನೋವು ಕೊಟ್ಟದ್ದು 2018ರಲ್ಲಿ ಒಂಟಿಯಾಗಿ ಗೆದ್ದು ಬಂದವರ ಕತೆ. ಕೊಳ್ಳೇಗಾಲದಲ್ಲಿ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಅವರು ವರ್ಷಗಟ್ಟಲೆ ಸಂಘಟನೆ ಮಾಡಿ, ಹಿಂದೆ ಸೋತು, ಕೊನೆಗೆ ಗೆದ್ದರು. ರಾಷ್ಟ್ರಮಟ್ಟದಲ್ಲಿ ಆ ಪಕ್ಷ ಸಣ್ಣದಲ್ಲವಾದರೂ ನಮ್ಮಲ್ಲಿ ಅದಕ್ಕೆ ಇದ್ದದ್ದು ಆ ಒಂದೇ ಸ್ಥಾನ. ಅವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದಾಗ ಶಿಕ್ಷಕನಾಗಿದ್ದ ನಾನು ಮನಸಾರೆ ಸಂತೋಷಪಟ್ಟೆ. ಕೆಲವೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಅವರು ರಾಜೀನಾಮೆ ಕೊಟ್ಟರು. 2019ರ ಜುಲೈ ವಿಶ್ವಾಸಮತದ ದಿನ ಸದನಕ್ಕೆ ಬಾರದೆ ಪಕ್ಷದಿಂದ ಉಚ್ಚಾಟಿತರಾದರು, 2021ರಲ್ಲಿ ಬಿಜೆಪಿ ಸೇರಿದರು, 2023ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ರಾಣೆಬೆನ್ನೂರಿನಲ್ಲಿ ಕೆಪಿಜೆಪಿ ಎಂಬ ಪಕ್ಷದಿಂದ ಗೆದ್ದಿದ್ದ ಆರ್. ಶಂಕರ್ ಅವರೂ ಸಚಿವರಾಗಿ, ಸ್ಥಾನ ಕಳೆದುಕೊಂಡು, ಮತ್ತೆ ಸಚಿವರಾಗಿ, ಅದೇ ಜುಲೈ ತಿಂಗಳಲ್ಲಿ ಸಭಾಧ್ಯಕ್ಷರಿಂದ ಅನರ್ಹಗೊಂಡರು. ಇವರ ನಿರ್ಧಾರಗಳಿಗೆ ಅವರದೇ ಕಾರಣಗಳಿರಬಹುದು, ಆ ಕಾರಣಗಳನ್ನು ಅವರು ಹೇಳಿಕೊಂಡದ್ದೂ ಉಂಟು. ನನ್ನ ಆಕ್ಷೇಪ ಇರುವುದು ಮತದಾರರಾದ ನಮ್ಮ ಮೇಲೆ ಮತ್ತು ಪತ್ರಿಕೆಗಳ ಮೇಲೆ. ಒಬ್ಬನೇ ಶಾಸಕನಿರುವ ಪಕ್ಷದಲ್ಲಿ ಆ ಒಬ್ಬ ಕಾಲು ಕಿತ್ತರೆ ಸದನದಲ್ಲಿ ಆ ಪಕ್ಷವೇ ಇಲ್ಲವಾಗುತ್ತದೆ. ಪಕ್ಷಾಂತರ ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಲ್ಲಿ ಮೂರನೆಯ ಒಂದು ಭಾಗದಷ್ಟು ಸದಸ್ಯರು ಒಡೆದು ಹೋಗುವುದಕ್ಕಿದ್ದ ವಿನಾಯಿತಿಯನ್ನು 2003ರ ತಿದ್ದುಪಡಿ ತೆಗೆದುಹಾಕಿತು, ಮೂರನೆಯ ಎರಡು ಭಾಗದವರ ಒಪ್ಪಿಗೆಯ ವಿಲೀನಕ್ಕೆ ಮಾತ್ರ ರಕ್ಷಣೆ ಉಳಿಯಿತು. ಒಬ್ಬನೇ ಇರುವಲ್ಲಿ ಆ ಮೂರನೆಯ ಎರಡು ಭಾಗವೂ ಅವನೇ! ದೊಡ್ಡ ಪಕ್ಷದ ಶಾಸಕನನ್ನು ವಿಪ್ ಹಿಡಿದು ನಿಲ್ಲಿಸುತ್ತದೆ, ಹೈಕಮಾಂಡ್ ಹಿಡಿದು ನಿಲ್ಲಿಸುತ್ತದೆ. ಸಣ್ಣ ಪಕ್ಷದವನನ್ನು ಹಿಡಿದು ನಿಲ್ಲಿಸುವುದು ಅವನ ಶೀಲವೊಂದೇ. ಆದ್ದರಿಂದಲೇ ಅವನ ಗುಣವನ್ನು ಮತ ಹಾಕುವುದಕ್ಕೆ ಮುಂಚೆ ತೂಗಿ ನೋಡಬೇಕಾದ ಅಗತ್ಯ ಹೆಚ್ಚು.

ಹಾಗಾದರೆ ತೂಗುವುದು ಹೇಗೆ? ಮೊದಲನೆಯ ಪರೀಕ್ಷೆಯನ್ನು ನಾನು ನಮ್ಮ ಊರಿನ ಅರಳಿಕಟ್ಟೆಯಲ್ಲಿ ಕಲಿತೆ. ಕೆಲವು ವರ್ಷಗಳ ಹಿಂದೆ ಕಬ್ಬಿನ ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದಿದ್ದಾಗ ಒಂದು ಸಣ್ಣ ಪಕ್ಷದ ರಾಜ್ಯಮಟ್ಟದ ನಾಯಕರು ಬಂದು ವಿಶ್ವ ವ್ಯಾಪಾರ ಒಪ್ಪಂದದಿಂದ ಹಿಡಿದು ಬಹುರಾಷ್ಟ್ರೀಯ ಕಂಪನಿಗಳವರೆಗೆ ಗಂಟೆಗೂ ಮೀರಿ ಮಾತನಾಡಿದರು. ಮಾತು ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ತೂಕದ ಚೀಟಿಗಳನ್ನು ಟವೆಲಿನ ತುದಿಗೆ ಗಂಟು ಕಟ್ಟಿಕೊಂಡು ಬಂದಿದ್ದ ಹಿರಿಯ ರೈತರೊಬ್ಬರು, 'ಅಲ್ಲ ಸ್ವಾಮಿ, ಕಬ್ಬು ಹಾಕಿದ ಮೇಲೆ ಎಷ್ಟು ದಿವ್ಸಕ್ಕೆ ದುಡ್ಡು ಕೊಡ್ಬೇಕು ಅಂತ ಕಾನೂನು ಐತೆ?' ಎಂದು ಕೇಳಿದರು. ನಾಯಕರಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲೂ ಇಲ್ಲ, ಘೋಷಣೆ ಕೂಗಿಸಿ ಸಭೆ ಮುಗಿಸಿದರು. ಆ ಸಂಜೆ ಜಮಖಾನ ಸುತ್ತಿಡಲು ಉಳಿದಿದ್ದ ತಾಲ್ಲೂಕು ಮಟ್ಟದ ಕಾರ್ಯಕರ್ತನೊಬ್ಬ ಆ ಹಿರಿಯರ ಪಕ್ಕ ಕುಳಿತು, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕೆಂದೂ ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕೆಂದೂ ತಿಳಿಸಿ, ಜಿಲ್ಲಾಧಿಕಾರಿಗೆ ಅರ್ಜಿಯನ್ನು ತಾನೇ ಬರೆದುಕೊಟ್ಟ. ಇಬ್ಬರಲ್ಲಿ ನಾಯಕ ಯಾರೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಆದರೆ ಪಕ್ಷದ ಟಿಕೆಟ್ ಆ ಹುಡುಗನಿಗೆ ಎಂದೂ ಸಿಗಲಿಲ್ಲ, ಪತ್ರಿಕೆಯಲ್ಲಿ ಅವನ ಹೆಸರು ಬರಲೂ ಇಲ್ಲ.

ವಿಷಯ ತಿಳಿದ ನಾಯಕತ್ವ ನಮ್ಮ ನಾಡಿಗೆ ಹೊಸದಲ್ಲ. ಶಾಂತವೇರಿ ಗೋಪಾಲಗೌಡರು ಆಗಿನ ಸಮಾಜವಾದಿ (ಸೋಷಲಿಸ್ಟ್) ಪಕ್ಷದವರಾಗಿ 1952ರಲ್ಲಿ ಮೊದಲ ಬಾರಿಗೆ ಶಾಸನಸಭೆಗೆ ಬಂದರು, 1962 ಮತ್ತು 1967ರಲ್ಲಿ ಮತ್ತೆ ಗೆದ್ದರು, ನಡುವೆ ಸೋತರು. ಅವರ ಪಕ್ಷಕ್ಕೆ ಸರ್ಕಾರ ರಚಿಸುವಷ್ಟು ಬಲ ಎಂದೂ ಇರಲಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ದನಿಯನ್ನು ಅವರು ಸದನದೊಳಗೆ ತಂದರು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದು ಒತ್ತಾಯಿಸಿದರು. 1972ರಲ್ಲಿ ಅವರು ತೀರಿಕೊಂಡ ಮರುವರ್ಷ ನವೆಂಬರ್ 1ರಂದು ಆ ಹೆಸರು ಬಂದಿತು, 1974ರಲ್ಲಿ ಉಳುವವನೇ ಹೊಲದೊಡೆಯನೆಂಬ ತತ್ವದ ಭೂ ಸುಧಾರಣೆ ಜಾರಿಗೆ ಬಂದಿತು. ಎರಡನ್ನೂ ಮಾಡಿದ್ದು ಅವರು ಎದುರಿಸಿ ನಿಂತಿದ್ದ ಕಾಂಗ್ರೆಸ್ಸಿನ ಸರ್ಕಾರ, ದೇವರಾಜ ಅರಸರ ನಾಯಕತ್ವದಲ್ಲಿ. ಅದೇ ಸಮಾಜವಾದಿ ಗರಡಿಯಿಂದ ಬಂದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಇತರ ಭಾಷೆಗಳಿಗೂ ದಾರಿ ತೆರೆದರು. ಗೆದ್ದ ಸ್ಥಾನಗಳನ್ನಷ್ಟೇ ಎಣಿಸಿದರೆ ಗೋಪಾಲಗೌಡರು ವಿಫಲ ನಾಯಕರೆನಿಸುತ್ತಾರೆ. ದೊಡ್ಡ ಪಕ್ಷಗಳು ತಮ್ಮ ಕಾರ್ಯಕ್ರಮದೊಳಗೆ ಸೇರಿಸಿಕೊಳ್ಳಲೇಬೇಕಾಗಿ ಬಂದದ್ದೆಷ್ಟು ಎಂದು ನೋಡಿದರೆ ಅವರ ಎತ್ತರ ಕಾಣುತ್ತದೆ. ಸಣ್ಣ ಪಕ್ಷದ ನಾಯಕನನ್ನು ಅಳೆಯುವಾಗ ನಾನು ಮುಖ್ಯವಾಗಿ ಬಳಸುವ ಕೊಳಗ ಇದು.

ಇದೇ ಕೊಳಗದಲ್ಲಿ ರೈತ ಚಳವಳಿಯನ್ನು ಅಳೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಹಸಿರು ಶಾಲು ಹೊದ್ದವರ ನಡುವೆಯೇ ನಾನು ಬೆಳೆದವನು. 1980ರ ನರಗುಂದ–ನವಲಗುಂದ ಬಂಡಾಯದ ಬೆನ್ನಿಗೆ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಕಟ್ಟಿದ ರೈತ ಸಂಘಕ್ಕೆ ಒಂದು ಕಾಲದಲ್ಲಿ ತಹಸೀಲ್ದಾರರ ಕಚೇರಿಯೂ ಬ್ಯಾಂಕಿನ ಜಪ್ತಿ ಅಧಿಕಾರಿಯೂ ಬೆಲೆ ಕೊಡುತ್ತಿದ್ದರು. ಪ್ರೊ. ನಂಜುಂಡಸ್ವಾಮಿಯವರು 1990ರ ದಶಕದ ಆರಂಭದಲ್ಲಿ, ವಿಶ್ವ ವ್ಯಾಪಾರ ಒಪ್ಪಂದದ ಕರಡಾಗಿದ್ದ ಡಂಕೆಲ್ ಪ್ರಸ್ತಾವವನ್ನು ಓದಿ, ಬಿತ್ತನೆ ಬೀಜದ ಮೇಲಿನ ಹಕ್ಕು ಎಂದರೇನೆಂದು ಹಳ್ಳಿಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಪಂಡಿತರು ಕೂಡ ಅರ್ಥಮಾಡಿಕೊಳ್ಳಲು ಹೆಣಗುತ್ತಿದ್ದ ಕಡತವನ್ನು ಅಕ್ಷರ ಬಾರದವರ ಚರ್ಚೆಗೆ ತಂದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಅದೇ ನಾಯಕತ್ವ ತನ್ನ ಜೊತೆಗಾರರನ್ನು ಜೊತೆಯಲ್ಲಿ ಉಳಿಸಿಕೊಳ್ಳಲು ಸೋತಿತು. 1989ರಲ್ಲಿ ಸಂಘದಿಂದ ಗೆದ್ದ ಬಾಬಾಗೌಡ ಪಾಟೀಲರು ಮುಂದೆ ಬಿಜೆಪಿಯಿಂದ ಸಂಸದರಾಗಿ ಕೇಂದ್ರದಲ್ಲಿ ಮಂತ್ರಿಯಾದರು. ಕೆ.ಎಸ್. ಪುಟ್ಟಣ್ಣಯ್ಯನವರ ಬಣ ಬೇರೆಯಾಯಿತು. 2004ರಲ್ಲಿ ನಂಜುಂಡಸ್ವಾಮಿಯವರು ತೀರಿಕೊಂಡ ಮೇಲೆ ಒಂದೇ ಹೆಸರಿನ, ಒಂದೇ ಬಣ್ಣದ ಶಾಲಿನ ಎಷ್ಟು ಸಂಘಗಳಿವೆಯೆಂದು ಅಧಿಕಾರಿಗಳೂ ಗೊಂದಲಕ್ಕೆ ಬೀಳುವಂತಾಯಿತು. ದೊಡ್ಡ ವಿಚಾರವಿದ್ದ ನಾಯಕರು ತಮ್ಮ ನಂತರವೂ ನಿಲ್ಲುವ ಮನೆಯನ್ನು ಕಟ್ಟಲಿಲ್ಲ ಎಂದು ಗೌರವದಿಂದಲೇ ಹೇಳಬೇಕಾಗಿದೆ. ಭಿನ್ನಾಭಿಪ್ರಾಯ ಬಂದಾಗ ಅದನ್ನು ಎಲ್ಲಿ, ಯಾರ ಮುಂದೆ, ಯಾವ ನಿಯಮದಂತೆ ತೀರ್ಮಾನಿಸಬೇಕೆಂಬುದು ಸಣ್ಣ ಪಕ್ಷಗಳಲ್ಲಿ ಹೆಚ್ಚಾಗಿ ಬರಹಕ್ಕೆ ಇಳಿದಿರುವುದಿಲ್ಲ, ಇಳಿದಿದ್ದರೂ ನಾಯಕರು ಅದನ್ನು ತೆರೆದು ನೋಡುವುದಿಲ್ಲ.

ಪುಟ್ಟಣ್ಣಯ್ಯನವರ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಲು ಅನುಮತಿ ಬೇಡುತ್ತೇನೆ. 1994ರಲ್ಲಿ ಪಾಂಡವಪುರದಿಂದ, ಮತ್ತೆ 19 ವರ್ಷಗಳ ನಂತರ 2013ರಲ್ಲಿ ಮೇಲುಕೋಟೆಯಿಂದ ಅವರು ಗೆದ್ದರು. ಆ ನಡುವಿನ ವರ್ಷಗಳಲ್ಲಿ ಅವರು ಕ್ಷೇತ್ರ ಬಿಟ್ಟು ಹೋಗಲಿಲ್ಲ, ಹಸಿರು ಶಾಲು ಕಳಚಿಡಲಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ. ಸದನದಲ್ಲಿ ಮಾತನಾಡುವ ಸಮಯವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುವುದರಿಂದ ಒಬ್ಬನೇ ಶಾಸಕನ ಸರದಿ ಬರುವುದು ಕೊನೆಗೆ, ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವರು ಮಂಡ್ಯದ ಆಡುಮಾತಿನಲ್ಲೇ ನೀರು, ಬೆಲೆ, ಸಾಲಗಳ ಬಗ್ಗೆ ಹೇಳಬೇಕಾದ್ದನ್ನು ಹೇಳುತ್ತಿದ್ದರು. 2018ರ ಫೆಬ್ರವರಿ 18ರಂದು ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಅವರು ಕುಸಿದು ತೀರಿಕೊಂಡರೆಂಬ ಸುದ್ದಿ ಬಂದ ರಾತ್ರಿ ನಮ್ಮ ಊರಿನಲ್ಲಿ ಒಲೆ ಹಚ್ಚದ ಮನೆಗಳಿದ್ದವು. ಕೆಲವೇ ತಿಂಗಳಲ್ಲಿ ಬಂದ ಚುನಾವಣೆಯಲ್ಲಿ, ಅಮೆರಿಕದಲ್ಲಿ ಉದ್ಯಮ ನಡೆಸುತ್ತಿದ್ದ ಅವರ ಮಗ ದರ್ಶನ್ ಅಭ್ಯರ್ಥಿಯಾದರು. ಆಗ ಸೋತವರು 2023ರಲ್ಲಿ ಗೆದ್ದರು. ಎರಡೂ ಬಾರಿ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲ ನೀಡಿತ್ತು.

ತಂದೆಯ ಮೇಲಿನ ಅಭಿಮಾನದಿಂದ ಮಗನಿಗೆ ಮತ ಹಾಕಿದವರನ್ನು ನಾನು ತಪ್ಪೆನ್ನುವುದಿಲ್ಲ. ಸೋತ ಮೇಲೆ ಮತ್ತೆ ನಿಂತು ಗೆದ್ದವರನ್ನು ಸುಮ್ಮನೆ ಹೀಗಳೆಯುವುದೂ ಸರಿಯಲ್ಲ. ಆದರೂ ಪ್ರಶ್ನೆಗಳನ್ನು ಕೇಳಲೇಬೇಕು. ವಂಶಾಡಳಿತವನ್ನು ವಿರೋಧಿಸುತ್ತ ಬಂದ ಚಳವಳಿಯೊಂದರಲ್ಲಿ ನಾಯಕ ತೀರಿಕೊಂಡಾಗ ಬೇರೆ ಹೆಸರುಗಳು ಚರ್ಚೆಗೆ ಬರುವ ಏರ್ಪಾಟು ಇತ್ತೇ? ಆಡಳಿತ ಪಕ್ಷದ ಬೆಂಬಲದಿಂದ ಗೆದ್ದ ಒಂಟಿ ಶಾಸಕರು ಅದೇ ಸರ್ಕಾರದ ರೈತನೀತಿ ತಪ್ಪಿದಾಗ ಎಷ್ಟು ಗಟ್ಟಿಯಾಗಿ ಎದ್ದು ನಿಲ್ಲುತ್ತಾರೆ? ಇವಕ್ಕೆ ಉತ್ತರ ಊಹೆಯಿಂದ ಸಿಗಬಾರದು. ಸಚಿವರು ಸದನದಲ್ಲೇ ಮಾತಿನಲ್ಲಿ ಉತ್ತರಿಸಬೇಕಾದ, ಅವರು ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗಳು, ಕೊಟ್ಟ ಗಮನ ಸೆಳೆಯುವ ಸೂಚನೆಗಳು, ಮಸೂದೆಗಳ ಮೇಲೆ ಆಡಿದ ಮಾತುಗಳು ಸದನದ ನಡಾವಳಿಯಲ್ಲಿ ದಾಖಲಾಗುತ್ತವೆ. ವರ್ಷಕ್ಕೊಮ್ಮೆ ಆ ದಾಖಲೆಯನ್ನು ಓದಿ ಒಂದು ಪುಟದಲ್ಲಿ ಜನರ ಮುಂದಿಟ್ಟರೆ ನಮ್ಮಂಥವರು ಅಭಿಮಾನವನ್ನೂ ಅಸಮಾಧಾನವನ್ನೂ ಬದಿಗಿಟ್ಟು ನೋಡಬಹುದು.

ಹಣದ ವಿಚಾರದಲ್ಲಿ ಸಣ್ಣ ಪಕ್ಷಗಳಿಗೆ ನಾವು ತೋರುವ ಮೃದುತ್ವ ಅವರಿಗೇ ಒಳ್ಳೆಯದು ಮಾಡಿಲ್ಲ. ಬಡ ಪಕ್ಷ, ಪಾಪ, ಲೆಕ್ಕ ಯಾರು ಕೇಳುತ್ತಾರೆ ಎಂಬ ಮನೋಭಾವ ನಮ್ಮಲ್ಲಿದೆ. 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಳ ವಿವರವನ್ನು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕೆಂಬ ನಿಯಮ ನೋಂದಾಯಿತ ಪಕ್ಷಗಳಿಗೆಲ್ಲ ಒಂದೇ. 2025ರ ಆಗಸ್ಟ್‌ನಲ್ಲಿ ಆಯೋಗವು ಆರು ವರ್ಷಗಳಿಂದ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ದೇಶದಾದ್ಯಂತ ಪಟ್ಟಿಯಿಂದ ತೆಗೆದುಹಾಕಿತು. ಪಕ್ಷವೆಂಬ ಹೆಸರು ಹೊತ್ತ ಎಲ್ಲವೂ ರಾಜಕಾರಣಕ್ಕಾಗಿಯೇ ಇರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇಂಥವುಗಳ ನಡುವೆ, ಊರೂರು ತಿರುಗಿ ಹತ್ತು ಇಪ್ಪತ್ತು ರೂಪಾಯಿ ಚಂದಾ ಎತ್ತಿ ರಸೀತಿ ಕೊಡುವ ಪ್ರಾಮಾಣಿಕ ಪಕ್ಷವನ್ನು ಗುರುತಿಸಬೇಕಾದರೆ ಲೆಕ್ಕಪತ್ರ ಕೇಳುವುದೇ ದಾರಿ. ತಾಲ್ಲೂಕು ಸಭೆಯಲ್ಲಿ ಜಮಾಖರ್ಚನ್ನು ಓದಿ ಹೇಳುವ ನಾಯಕನನ್ನು ನಾನು ಒಂದೇ ಒಂದು ಬಾರಿ ನೋಡಿದ್ದೇನೆ. ಆತ ಓದಿದ ಒಟ್ಟು ಮೊತ್ತ ಒಂದು ದೊಡ್ಡ ಪಕ್ಷದ ಒಂದು ಸಭೆಯ ಶಾಮಿಯಾನದ ಬಾಡಿಗೆಗೂ ಸಾಲುತ್ತಿರಲಿಲ್ಲ, ಆದರೆ ಪ್ರತಿ ರೂಪಾಯಿಗೂ ಚೀಟಿ ಇತ್ತು.

ಅಭ್ಯರ್ಥಿಗಳ ಪ್ರಮಾಣಪತ್ರದ ಬಗ್ಗೆಯೂ ಹೀಗೆಯೇ. ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ 2003ರಿಂದ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣ ಮಾಡಿ ಹೇಳಬೇಕಾಗಿದೆ. ಪತ್ರಿಕೆಗಳು ಇದರಲ್ಲಿ ಕೋಟ್ಯಧೀಶರ ಪಟ್ಟಿಯನ್ನು ಆರಿಸಿ ಹಾಕುತ್ತವೆ, ಮಿಕ್ಕವರನ್ನು ಬಿಡುತ್ತವೆ. ಮೊಕದ್ದಮೆಗಳ ಅಂಕಣವನ್ನು ಓದುವಾಗ ಒಂದು ಎಚ್ಚರ ಬೇಕು. ರಸ್ತೆ ತಡೆ ಮಾಡಿದ್ದಕ್ಕೆ, ನಿಷೇಧಾಜ್ಞೆ ಮುರಿದದ್ದಕ್ಕೆ ಹೋರಾಟಗಾರನ ಮೇಲೆ ಬಿದ್ದ ಹತ್ತು ಪ್ರಕರಣಗಳನ್ನೂ ಭೂಕಬಳಿಕೆಯ ಒಂದು ಪ್ರಕರಣವನ್ನೂ ಬರಿಯ ಸಂಖ್ಯೆಯಲ್ಲಿ ಅಕ್ಕಪಕ್ಕ ಇಟ್ಟರೆ ಓದುಗರಿಗೆ ಸತ್ಯ ತಿಳಿಯುವುದಿಲ್ಲ. ಯಾವ ಕಲಮು, ಯಾವ ಸಂದರ್ಭ ಎಂಬುದನ್ನು ಬರೆಯುವ ಹೊಣೆ ವರದಿಗಾರರದು.

ಕೊನೆಯದಾಗಿ ಒಂದು ನಿರ್ದಿಷ್ಟ ಕೋರಿಕೆ. ಸಣ್ಣ ಪಕ್ಷಗಳಲ್ಲಿ ನಾಯಕರು ತಯಾರಾಗುತ್ತಿದ್ದ ಜಾಗಗಳೆಂದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ವಿಧಾನಸಭೆಗೆ ಹಣದ ಹೊರೆ ಹೊರಲಾಗದು. ನಡುವಿನ ಈ ಎರಡು ಮೆಟ್ಟಿಲುಗಳಲ್ಲಿ ಪಕ್ಷದ ಹೆಸರಿನಲ್ಲೇ ಗೆದ್ದು, ಒಂದು ಸ್ಥಾಯಿ ಸಮಿತಿಯಲ್ಲಿ ಕುಳಿತು, ಒಂದು ಕ್ರಿಯಾಯೋಜನೆಯನ್ನು ಓದಿ ತಿದ್ದಿದ ಕಾರ್ಯಕರ್ತ ಮುಂದೆ ಶಾಸಕನಾಗಲು ಯೋಗ್ಯನೋ ಅಲ್ಲವೋ ಎಂಬುದನ್ನು ನಾವು ಕಣ್ಣಾರೆ ಕಾಣಬಹುದಿತ್ತು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಈ ಚುನಾವಣೆಗಳು ನಡೆಯದೆ ಹೋದದ್ದು ದೊಡ್ಡ ಪಕ್ಷಗಳಿಗೆ ಅಷ್ಟೇನೂ ಬಾಧಕವಾಗಲಿಲ್ಲ, ಸಣ್ಣ ಪಕ್ಷಗಳ ಎರಡನೆಯ ಸಾಲು ಮಾತ್ರ ಬತ್ತಿಹೋಯಿತು. ಅರಳಿಕಟ್ಟೆಯಲ್ಲಿ ಅರ್ಜಿ ಬರೆದುಕೊಟ್ಟ ಆ ಹುಡುಗ ಈಗ ಮೈಸೂರಿನಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಆ ಚುನಾವಣೆಗಳ ಅಧಿಸೂಚನೆ ಹೊರಟಾಗ ತಮ್ಮ ಪತ್ರಿಕೆಯು ನಮ್ಮ ಜಿಲ್ಲೆಯ ಪ್ರತಿ ಸಣ್ಣ ಪಕ್ಷದ ಪ್ರತಿ ಅಭ್ಯರ್ಥಿಯನ್ನೂ ಭೇಟಿ ಮಾಡಿ, ಕಬ್ಬಿನ ಬಾಕಿ, ನಾಲೆಯ ಕೊನೆಯ ಭಾಗದ ನೀರು, ಪಹಣಿ ತಿದ್ದುಪಡಿ ಇವುಗಳಲ್ಲಿ ಒಂದೊಂದು ಪ್ರಶ್ನೆ ಕೇಳಿ, ಅವರು ಕೊಟ್ಟ ಉತ್ತರವನ್ನು ತಿದ್ದದೆ ಪ್ರಕಟಿಸಬೇಕೆಂದು ಕೋರುತ್ತೇನೆ. ಪ್ರಶ್ನೆಗಳನ್ನು ಸಿದ್ಧಪಡಿಸಲು ನೆರವು ಬೇಕಿದ್ದರೆ ನಮ್ಮ ಊರಿನ ಹಿರಿಯ ರೈತರೂ ನಾನೂ ಸಂತೋಷದಿಂದ ಮುಂದೆ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ